ಹಳ್ಳಿ ಮನೆಯಲ್ಲಿ ಕೂತು ಆಫೀಸ್ ಕೆಲಸ: ಹುಳದ ಮನೆ ನೋಡಿ ಕಲಿತ ಒಂಬತ್ತು ಹೆಜ್ಜೆ

ನಮ್ಮ ಅತ್ತೆ ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ವರ್ಕ್ ಫ್ರಮ್ ಹೋಮ್ ಮಾಡುತ್ತಿದ್ದಾರೆ. ಅದಕ್ಕೆ ಹಾಗೊಂದು ಹೆಸರಿದೆ ಅಂತ ಅವರಿಗೆ ಗೊತ್ತಾಗಿದ್ದು 2020ರ ಮಾರ್ಚ್‌ನಲ್ಲಿ, ನಾನು ಲ್ಯಾಪ್‌ಟಾಪ್ ಬ್ಯಾಗು ಹಾಕಿಕೊಂಡು ಬೆಂಗಳೂರಿನಿಂದ ಬಂದಿಳಿದಾಗ. ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ಮನೆ ಹಿಂದೆ ರೇಷ್ಮೆ ಹುಳ ಸಾಕುವ ಹುಳದ ಮನೆ, ಅದರಾಚೆ ಹಿಪ್ಪುನೇರಳೆ ತೋಟ. ನಾನು ತಂದಿದ್ದು ನಾಲ್ಕು ಜೊತೆ ಬಟ್ಟೆ. ಲಾಕ್‌ಡೌನ್ 21 ದಿನ ಅಂದಿದ್ದರಲ್ಲ, ಅಷ್ಟಕ್ಕೆ ಸಾಕು ಅಂದುಕೊಂಡಿದ್ದೆ. ಈಗಲೂ ಇಲ್ಲೇ ಇದ್ದೇನೆ. ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗಿ ಮುಖ ತೋರಿಸಿ ಬರುತ್ತೇನೆ, ಉಳಿದ ದಿನ ಇಲ್ಲಿಂದಲೇ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ.

ಮೊದಲ ಆರು ತಿಂಗಳು ನಾನು ಮಾಡಿದ್ದು ಕೆಲಸವೇ ಅಲ್ಲ ಬಿಡಿ. ಬೆಳಿಗ್ಗೆ ಎಂಟಕ್ಕೆ ಲ್ಯಾಪ್‌ಟಾಪ್ ತೆರೆದರೆ ರಾತ್ರಿ ಹನ್ನೊಂದಕ್ಕೆ ಮುಚ್ಚುತ್ತಿದ್ದೆ, ಆದರೂ ದಿನದ ಪಟ್ಟಿಯಲ್ಲಿ ಅರ್ಧ ಹಾಗೇ ಉಳಿದಿರುತ್ತಿತ್ತು. ನಡುವೆ ಹಾಲು ಉಕ್ಕಿತು, ಮಗಳು ಅತ್ತಳು, ಗ್ಯಾಸ್ ಬಂತು, ಯಾರದೋ ಮನೆ ಗೃಹಪ್ರವೇಶಕ್ಕೆ ಕರೆಯಲು ಬಂದವರಿಗೆ ಕಾಫಿ ಆಯಿತು. ಆಮೇಲೆ ಒಂದೊಂದಾಗಿ ಸರಿಮಾಡಿಕೊಂಡಿದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಮಾಡಿದ ಕ್ರಮದಲ್ಲಲ್ಲ. ನಾನು ತಿರುವುಮುರುವಾಗಿ ಮಾಡಿ ಕೆಟ್ಟಿದ್ದೇನೆ. ಯಾವ ಕ್ರಮದಲ್ಲಿ ಮಾಡಿದ್ದರೆ ಸರಿಯಿತ್ತೋ ಆ ಕ್ರಮದಲ್ಲಿ.

ಹೆಜ್ಜೆ 1: ಟೇಬಲ್ ಆಮೇಲೆ, ಮೊದಲು ಮನೆಯವರು

ಈ ವಿಷಯದಲ್ಲಿ ಯಾರನ್ನು ಕೇಳಿದರೂ ಒಳ್ಳೆ ಕುರ್ಚಿ ತಗೊಳ್ಳಿ, ಒಳ್ಳೆ ಹೆಡ್‌ಫೋನ್ ತಗೊಳ್ಳಿ ಅಂತ ಶುರು ಮಾಡುತ್ತಾರೆ. ನಾನೂ ಹಾಗೇ ಹೆಡ್‌ಫೋನಿಗೆ ದುಡ್ಡು ಸುರಿದೆ. ಏನೂ ಬದಲಾಗಲಿಲ್ಲ. ಯಾಕೆಂದರೆ ನನ್ನ ತೊಂದರೆ ಹೆಡ್‌ಫೋನಿನದಲ್ಲ, "ಮನೇಲೇ ಇದೀಯಲ್ಲ" ಅನ್ನುವ ಮಾತಿನದು. ಮನೆಯಿಂದ ಕೆಲಸ ಮಾಡುವ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ದಿನ ಮೀಟಿಂಗ್ ನಡುವೆ ಮೂರು ಸಲ ಯಾರೋ ಬಾಗಿಲು ತೆಗೆದರು. ಮುಗಿದ ಮೇಲೆ ಹೊರಗೆ ಬಂದು ಗೊಣಗಿಕೊಂಡೆ. ಅತ್ತೆ ಸೊಪ್ಪು ಕತ್ತರಿಸುತ್ತಾ ಕೂತಿದ್ದವರು ತಲೆ ಎತ್ತದೇ ಹೇಳಿದರು: "ಹುಳ ಜ್ವರಕ್ಕೆ ಕೂತಿದೆ ಅಂತ ಗೊತ್ತಿದ್ರೆ ಯಾರಾದ್ರೂ ಒಳಗೆ ನುಗ್ತಾರೇನಮ್ಮಾ? ನಿನ್ನದು ಯಾವಾಗ ಜ್ವರ, ಯಾವಾಗ ಮೇವು ಅಂತ ನೀನು ಹೇಳಿದ್ದೀಯಾ? ನೀನು ಬೆಳಿಗ್ಗೆಯಿಂದ ರಾತ್ರಿವರೆಗೂ ಒಂದೇ ಥರ ಆ ಪೆಟ್ಟಿಗೆ ನೋಡ್ಕೊಂಡು ಕೂತಿರ್ತೀಯ. ನಮಗೆ ಹೇಗೆ ಗೊತ್ತಾಗ್ಬೇಕು?"

ರೇಷ್ಮೆ ಗೊತ್ತಿಲ್ಲದವರಿಗೆ ಒಂದು ಮಾತು. ಹುಳ ಗೂಡು ಕಟ್ಟುವಷ್ಟರಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳ ಸುಮಾರು ಒಂದು ದಿನ ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಆಗ ಸೊಪ್ಪು ಹಾಕುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ. ಸುಣ್ಣದ ಪುಡಿ ಉದುರಿಸಿ ಬಾಗಿಲು ಮುಚ್ಚಿ ಬರುತ್ತಾರೆ. ಎದ್ದ ಮೇಲೆ ಮತ್ತೆ ಮೇವು. ನಾಲ್ಕನೇ ಜ್ವರ ಎದ್ದ ಮೇಲಂತೂ ಒಂದು ವಾರ ಸೊಪ್ಪು ತಂದು ಸುರಿದಷ್ಟೂ ಸಾಲದು. ಇದೆಲ್ಲ ಊರಿನ ಮಕ್ಕಳಿಗೂ ಗೊತ್ತು. ಹುಳದ ಮನೆ ಬಾಗಿಲಲ್ಲಿ ಕಾಲು ತೊಳೆಯದೆ ಯಾರೂ ಒಳಗೆ ಕಾಲಿಡುವುದಿಲ್ಲ, ನೆಂಟರಾದರೂ ಅಷ್ಟೇ. ಆ ಕೆಲಸಕ್ಕೆ ಅಷ್ಟು ಮರ್ಯಾದೆ ಇದೆ, ಯಾಕೆಂದರೆ ಅದರ ವೇಳಾಪಟ್ಟಿ ಎಲ್ಲರಿಗೂ ಕಾಣುತ್ತದೆ. ನನ್ನದು ಯಾರಿಗೂ ಕಾಣುತ್ತಿರಲಿಲ್ಲ.

ಅದಕ್ಕೆ ನೀವು ಮೊದಲು ಮಾಡಬೇಕಾದ್ದು ಇದು. ಒಂದು ಭಾನುವಾರ ಎಲ್ಲರೂ ಕೂತಿರುವಾಗ ನಿಮ್ಮ ದಿನವನ್ನು ಹೇಳಿ. ಆಫೀಸ್ ಭಾಷೆಯಲ್ಲಿ ಬೇಡ, "ನನಗೆ ಸ್ಪೇಸ್ ಬೇಕು" ಅನ್ನುವ ಮಾತಂತೂ ಬೇಡವೇ ಬೇಡ. ಎಷ್ಟು ಗಂಟೆಯಿಂದ ಎಷ್ಟು ಗಂಟೆ ಕರೆಯಬಾರದು, ಯಾವಾಗ ಕರೆದರೆ ಬರುತ್ತೀರಿ, ಅಷ್ಟನ್ನು ಹೇಳಿ. ಕ್ಯಾಲೆಂಡರ್ ಹಿಂದಿನ ಖಾಲಿ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಅಡುಗೆಮನೆಯಲ್ಲಿ ಅಂಟಿಸಿ. ನಮ್ಮ ಮನೆಯದು ಹೀಗಿದೆ: 9ರಿಂದ 11 ಕರೆಯಬೇಡಿ. 11ರಿಂದ 11:20 ಕಾಫಿಗೆ ಬರುತ್ತೇನೆ. 1:30ಕ್ಕೆ ಊಟ. 4ಕ್ಕೆ ಅರ್ಧ ಗಂಟೆ ಪೂರ್ತಿ ನಿಮ್ಮವಳು.

ಆಮೇಲೆ ಬಾಗಿಲಿಗೊಂದು ಗುರುತು. ನಾನು ಕೆಂಪು ಟವೆಲ್ ನೇತುಹಾಕುತ್ತೇನೆ. ಟವೆಲ್ ಇದ್ದರೆ ಮೀಟಿಂಗ್, ಮನೆಗೆ ಬೆಂಕಿ ಬಿದ್ದರೆ ಮಾತ್ರ ಬಾಗಿಲು ತಟ್ಟಿ. ಇಲ್ಲದಿದ್ದರೆ ತಟ್ಟಿ ಬನ್ನಿ. ನೋಡಿ, ಟವೆಲ್ ಇಡೀ ದಿನ ನೇತಾಡುತ್ತಿದ್ದರೆ ಎರಡೇ ದಿನದಲ್ಲಿ ಅದಕ್ಕೆ ಬೆಲೆ ಇರುವುದಿಲ್ಲ, ಸುಮ್ನೆ ಒಣಗಲು ಹಾಕಿದ್ದಾರೆ ಅಂದುಕೊಳ್ಳುತ್ತಾರೆ. ನಿಜವಾಗಿ ಬೇಕಾದಾಗ ಮಾತ್ರ ಹಾಕಿ.

ಮತ್ತೆ ನೀವು ಕೊಟ್ಟ ಮಾತು. ನಾಲ್ಕಕ್ಕೆ ಬರುತ್ತೇನೆ ಅಂದರೆ ನಾಲ್ಕಕ್ಕೆ ಎದ್ದು ಹೋಗಬೇಕು, "ಐದೇ ನಿಮಿಷ" ಅಂತ ಐದೂವರೆ ಮಾಡಬಾರದು. ಮೂರು ಸಲ ಹಾಗೆ ಮಾಡಿದರೆ ನಿಮ್ಮ ಹಾಳೆಯನ್ನು ಯಾರೂ ನಂಬುವುದಿಲ್ಲ, ಸರಿಯಾಗೇ ಮಾಡುತ್ತಾರೆ. ಐದು ವರ್ಷದೊಳಗಿನ ಮಕ್ಕಳಿಗೆ ಈ ಹಾಳೆ ಲೆಕ್ಕಕ್ಕಿಲ್ಲ. ಅವರನ್ನು ನೋಡಿಕೊಳ್ಳಲು ಒಬ್ಬರು ಬೇಕೇ ಬೇಕು. ಮಗು ಮಡಿಲಲ್ಲಿಟ್ಟುಕೊಂಡು ಎಂಟು ಗಂಟೆ ಕೆಲಸ ಮಾಡಬಹುದು ಅಂತ ಹೇಳುವವರು ಮಗು ನೋಡಿಕೊಂಡಿಲ್ಲ, ಇಲ್ಲವೇ ಕೆಲಸ ಮಾಡಿಲ್ಲ.

ಹೆಜ್ಜೆ 2: ಜಾಗ

ಕೂರುವ ಜಾಗ ಆರಿಸುವ ಮುಂಚೆ ಫೋನ್ ಹಿಡಿದುಕೊಂಡು ಮನೆಯೆಲ್ಲ ಓಡಾಡಿ, ಸಿಗ್ನಲ್ ಎಲ್ಲಿ ಚೆನ್ನಾಗಿದೆ ನೋಡಿ. ನಮ್ಮದು ಹಳೇ ಮನೆ, ಕಲ್ಲು ಮಣ್ಣಿನ ದಪ್ಪ ಗೋಡೆ. ಬೇಸಿಗೆಯಲ್ಲಿ ತಂಪು ನಿಜ, ವೈಫೈಗೆ ಮಾತ್ರ ಶತ್ರು. ಹಜಾರದಲ್ಲಿ ಟಿವಿ, ಮಲಗುವ ಕೋಣೆಯಲ್ಲಿ ಹಾಸಿಗೆ ಕರೆಯುತ್ತದೆ. ಕೊನೆಗೆ ರಾಗಿ ಮೂಟೆ ಇಡುತ್ತಿದ್ದ ಸಣ್ಣ ಕೋಣೆ ಸಿಕ್ಕಿತು. ಬಾಗಿಲಿದೆ, ಒಂದು ಕಿಟಕಿ ಇದೆ, ಯಾರೂ ಸುಮ್ಮನೆ ಬರುವುದಿಲ್ಲ. ಮೂಟೆಗಳು ಒಂದು ಕಡೆ, ನಾನೊಂದು ಕಡೆ.

ಕಿಟಕಿ ನಿಮ್ಮ ಪಕ್ಕಕ್ಕೆ ಬರುವಂತೆ ಟೇಬಲ್ ಹಾಕಿ. ಬೆನ್ನ ಹಿಂದೆ ಕಿಟಕಿ ಇದ್ದರೆ ವಿಡಿಯೊದಲ್ಲಿ ಮುಖ ಕಪ್ಪಾಗಿ ಕಾಣುತ್ತದೆ, ಪರದೆ ಮೇಲೂ ಬೆಳಕು ಹೊಳೆಯುತ್ತದೆ. ಎದುರಿಗಿದ್ದರೆ ಕಣ್ಣು ಕುಕ್ಕುತ್ತದೆ. ಶೀಟ್ ಹಾಕಿದ ಕೋಣೆ ಆದರೆ ಏಪ್ರಿಲ್ ಮಧ್ಯಾಹ್ನ ಅಲ್ಲಿ ಕೂರಲು ಆಗುವುದಿಲ್ಲ, ಆರಿಸುವಾಗಲೇ ಯೋಚಿಸಿ. ಮಳೆ ಬಂದರಂತೂ ಆ ಸದ್ದಿಗೆ ನಿಮ್ಮ ಮಾತು ನಿಮಗೇ ಕೇಳಿಸುವುದಿಲ್ಲ.

ಕುರ್ಚಿಯ ಎತ್ತರ ಹೀಗಿರಲಿ: ಮೊಣಕೈ ಸುಮಾರು 90 ಡಿಗ್ರಿಗೆ ಮಡಚಿದಾಗ ಅಂಗೈ ಕೀಬೋರ್ಡ್ ಮೇಲೆ ಬರಬೇಕು, ಪಾದ ಪೂರ್ತಿ ನೆಲಕ್ಕೆ ತಾಗಬೇಕು. ತಾಗದಿದ್ದರೆ ಊಟಕ್ಕೆ ಕೂರುವ ಮಣೆಯನ್ನು ಕಾಲ ಕೆಳಗೆ ಇಟ್ಟುಕೊಳ್ಳಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಒಂದು ತೋಳಿನ ದೂರಕ್ಕೆ ಇರಬೇಕು. ಲ್ಯಾಪ್‌ಟಾಪ್ ಟೇಬಲ್ ಮೇಲೆ ಹಾಗೇ ಇಟ್ಟರೆ ಇದು ಸಾಧ್ಯವಿಲ್ಲ, ಕತ್ತು ಬಗ್ಗುತ್ತದೆ. ನಾನು ನಾಲ್ಕು ಇಟ್ಟಿಗೆ ಮೇಲೊಂದು ಹಲಗೆ ಇಟ್ಟು ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟಿದ್ದೇನೆ, ಕೀಬೋರ್ಡು ಮೌಸು ಬೇರೆ. ಇವೆರಡೂ ಸಾವಿರ ರೂಪಾಯಿ ಒಳಗೆ ಸಿಗುತ್ತವೆ. ದುಡ್ಡು ಒಂದೇ ಕಡೆ ಹಾಕಬಹುದು ಅಂದರೆ ಕುರ್ಚಿಗೆ ಹಾಕಿ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಂದೂವರೆ ವರ್ಷ ಕೂತು ಬೆನ್ನು ಹಿಡಿದ ಮೇಲೆ ಬೆಂಗಳೂರಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಆಫೀಸ್ ಕುರ್ಚಿ ತಗೊಂಡು ಬಂದೆ. ಊರಿಗೆ ಬರುವ ತರಕಾರಿ ಗಾಡಿಯಲ್ಲಿ ಬಂತು ಅದು, ಕ್ಯಾರೆಟ್ ಮೂಟೆ ಇಳಿಸಿ ಖಾಲಿ ವಾಪಸ್ ಬರುತ್ತಿದ್ದ ಗಾಡಿಯಲ್ಲಿ.

ಹೆಜ್ಜೆ 3: ಕರೆಂಟು

ಬೆಂಗಳೂರಿನವರು ಬರೆದ ಸಲಹೆಗಳಲ್ಲಿ ಇದು ಇರುವುದೇ ಇಲ್ಲ. ನಮಗೆ ಅರ್ಧ ಕೆಲಸ ಇದರ ಮೇಲೇ ನಿಂತಿದೆ.

ಹಳ್ಳಿಯಲ್ಲಿ ಪಂಪ್‌ಸೆಟ್‌ಗೆ ತ್ರೀ ಫೇಸ್ ಕೊಡುವುದು ದಿನಕ್ಕೆ ಕೆಲವೇ ಗಂಟೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಲೈನನ್ನು ಪಂಪ್‌ಸೆಟ್ ಲೈನಿನಿಂದ ಬೇರೆ ಮಾಡಿದ ಊರುಗಳಲ್ಲಿ ಪರವಾಗಿಲ್ಲ. ಆದರೂ ಗಾಳಿ ಬಂದರೆ, ಮರ ಬಿದ್ದರೆ, ಲೈನ್ ಕೆಲಸ ಇದ್ದರೆ ಹೋಗಿಯೇ ಹೋಗುತ್ತದೆ. ನಿಮ್ಮ ಮನೆ ಯಾವ ಲೈನಿನಲ್ಲಿದೆ ಅಂತ ಲೈನ್‌ಮ್ಯಾನ್‌ರನ್ನು ಕೇಳಿ ತಿಳಿದುಕೊಳ್ಳಿ, ಅವರ ನಂಬರನ್ನೂ ಇಟ್ಟುಕೊಳ್ಳಿ. ಬೆಸ್ಕಾಂ ಸಹಾಯವಾಣಿ 1912. ಬೆಳಿಗ್ಗೆಯೇ ಕೇಳಿದರೆ ಇವತ್ತು ಕರೆಂಟು ತೆಗೆಯುವುದಿದೆಯಾ ಅಂತ ಗೊತ್ತಾಗುತ್ತದೆ. ಕಷ್ಟದ ಕೆಲಸವನ್ನು ಆ ಹೊತ್ತಿನಿಂದ ಸರಿಸಿಕೊಳ್ಳಬಹುದು.

ಇನ್ವರ್ಟರ್ ಲೆಕ್ಕ ಮಾಡುವುದು ಸುಲಭ. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿ. ಎರಡನ್ನೂ ಗುಣಿಸಿದರೆ 1,800. ಅಷ್ಟು ವ್ಯಾಟ್ ಒಂದು ಗಂಟೆ ಓಡಬಹುದು ಅಂತ ಅರ್ಥ, ಕಾಗದದ ಮೇಲೆ. ಪೂರ್ತಿ ಖಾಲಿ ಮಾಡಬಾರದು, ನಡುವೆ ನಷ್ಟವೂ ಇದೆ, ಹಾಗಾಗಿ 1,000 ಅಂತ ಹಿಡಿಯಿರಿ. ಲ್ಯಾಪ್‌ಟಾಪ್ 60, ರೂಟರ್ ಮತ್ತು ಫೈಬರ್ ಪೆಟ್ಟಿಗೆ 15, ಹಳೇ ಫ್ಯಾನ್ 75, ಎಲ್‌ಇಡಿ ಬಲ್ಬು 9. ಒಟ್ಟು ಹತ್ತಿರ ಹತ್ತಿರ 160 ವ್ಯಾಟ್. ಅಂದರೆ ಆರು ಗಂಟೆ. ಈಗ ಸಿಗುವ, ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಆಸುಪಾಸಿನದು. ಅದೊಂದನ್ನು ಬದಲಾಯಿಸಿದರೆ ಎಂಟು ಗಂಟೆ ದಾಟುತ್ತದೆ. ಇನ್ನೊಂದು ಬ್ಯಾಟರಿ ತರುವುದಕ್ಕಿಂತ ಫ್ಯಾನ್ ಬದಲಾಯಿಸುವುದು ಅಗ್ಗ. ಇನ್ವರ್ಟರ್ ಲೈನಿಗೆ ಟಿವಿ, ಫ್ರಿಜ್ಜು ಸೇರಿಕೊಂಡಿದ್ದರೆ ಮಾತ್ರ ಈ ಲೆಕ್ಕವೆಲ್ಲ ನೀರಿಗೆ. ಎಲೆಕ್ಟ್ರಿಶಿಯನ್ ಕರೆಸಿ ಬಿಡಿಸಿ. ಎರಡು ಮೂರು ತಿಂಗಳಿಗೊಮ್ಮೆ ಬ್ಯಾಟರಿಯ ನೀರು ನೋಡಿ, ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಿ. ಬೋರ್‌ವೆಲ್ ನೀರು ಹಾಕಬೇಡಿ. ನಮ್ಮ ಕಡೆಯ ನೀರು ಬಿಂದಿಗೆಯನ್ನೇ ಬೆಳ್ಳಗೆ ಮಾಡುತ್ತದೆ, ಬ್ಯಾಟರಿ ಗತಿ ಏನು?

ಇನ್ವರ್ಟರ್ ಇದ್ದೂ ಕರೆಂಟು ಹೋದ ತಕ್ಷಣ ಕಾಲ್ ಕಟ್ ಆಗುತ್ತದೆಯಾ? ಲ್ಯಾಪ್‌ಟಾಪ್‌ಗೆ ಅದರದೇ ಬ್ಯಾಟರಿ ಇದೆ, ಅದು ಆರುವುದಿಲ್ಲ. ಆರುವುದು ರೂಟರ್. ಇನ್ವರ್ಟರ್ ಬದಲಾಗುವ ಆ ಕಣ್ಣು ಮಿಟುಕಿಸುವಷ್ಟು ಹೊತ್ತಿಗೇ ಅದು ಆಫ್ ಆಗಿ, ಮತ್ತೆ ಎದ್ದು ನೆಟ್ ಹಿಡಿಯಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತದೆ. ಕೆಲವು ಇನ್ವರ್ಟರ್‌ಗಳಲ್ಲಿ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇರುತ್ತದೆ, ಅದಕ್ಕೆ ಹಾಕಿದರೆ ಬೇಗ ಬದಲಾಗುತ್ತದೆ. ಇಲ್ಲದಿದ್ದರೆ ರೂಟರ್‌ಗೆ ಅಂತಲೇ ಮಿನಿ ಯುಪಿಎಸ್ ಸಿಗುತ್ತದೆ, ಅಂಗೈಯಷ್ಟು ಪೆಟ್ಟಿಗೆ. ತಗೊಳ್ಳುವ ಮುಂಚೆ ರೂಟರ್‌ನ ಅಡಾಪ್ಟರ್ ಮೇಲೆ 12 ವೋಲ್ಟಾ, 9 ವೋಲ್ಟಾ, ಎಷ್ಟು ಆಂಪಿಯರ್ ಅಂತ ಓದಿಕೊಂಡು ಹೋಗಿ. ಈ ವಿಷಯ ನನಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು. ಅಲ್ಲಿಯವರೆಗೂ ನೆಟ್ ಕಂಪನಿಯವರನ್ನು ಬೈದುಕೊಂಡೇ ಇದ್ದೆ.

ವೋಲ್ಟೇಜ್ ಏರಿಳಿತಕ್ಕೆ ಹೆದರಿ ಲ್ಯಾಪ್‌ಟಾಪ್‌ಗೆ ಸ್ಟೆಬಿಲೈಜರ್ ತರಬೇಡಿ. ಚಾರ್ಜರ್ ಮೇಲೆ 100-240 ವೋಲ್ಟ್ ಅಂತ ಬರೆದಿರುತ್ತದೆ, ಡಿಮ್ಮಾದರೂ ಅದು ತಡೆದುಕೊಳ್ಳುತ್ತದೆ. ಗುಡುಗು ಸಿಡಿಲಿನ ವಿಷಯ ಹಾಗಲ್ಲ. ಅಶ್ವಿನಿ, ಭರಣಿ ಮಳೆ ಸಂಜೆ ಹೊತ್ತು ಗುಡುಗುತ್ತಾ ಬಂದರೆ ಎಲ್ಲ ಪ್ಲಗ್ ಕಿತ್ತುಬಿಡಿ. ಬ್ಯಾಟರಿಯಲ್ಲೇ ಕೆಲಸ ಮಾಡಿ, ಫೋನ್ ನೆಟ್ ಹಾಕಿಕೊಳ್ಳಿ.

ಹೆಜ್ಜೆ 4: ನೆಟ್

ಫೈಬರ್ ನಿಮ್ಮ ಊರಿಗೆ ಬಂದಿದ್ದರೆ ಹಾಕಿಸಿ, ಇದರಲ್ಲಿ ಯೋಚಿಸುವಂಥದ್ದು ಏನಿಲ್ಲ. ರೂಟರ್ ಕೋಣೆಯೊಳಗೇ ಇರಲಿ. ಆಗದಿದ್ದರೆ ಅಲ್ಲಿಂದ ಲ್ಯಾನ್ ಕೇಬಲ್ ಎಳೆಯಿರಿ, ವೈಫೈ ಎಷ್ಟೇ ಚೆನ್ನಾಗಿದ್ದರೂ ತಂತಿಯ ಸಮ ಬರುವುದಿಲ್ಲ. ರೂಟರ್ ಎರಡು ಹೆಸರಿನ ವೈಫೈ ತೋರಿಸುತ್ತಿದ್ದರೆ, 5 ಗಿಗಾಹರ್ಟ್ಸ್‌ನದು ಜೋರು, ಆದರೆ ಗೋಡೆ ದಾಟುವುದಿಲ್ಲ. 2.4ರದು ನಿಧಾನ, ಗೋಡೆ ದಾಟುತ್ತದೆ. ಸ್ಪೀಡ್ ನೋಡುವಾಗ ಎಲ್ಲರೂ ಡೌನ್‌ಲೋಡ್ ನೋಡುತ್ತಾರೆ. ನಿಮ್ಮ ಮುಖ ಮತ್ತು ದನಿ ಹೋಗುವುದು ಅಪ್‌ಲೋಡ್‌ನಲ್ಲಿ. ಅದು 3-4 ಎಂಬಿಪಿಎಸ್ ಆದರೂ ಸ್ಥಿರವಾಗಿ ಇರಬೇಕು.

ನೆಟ್ ನಿಂತಾಗ ಮೊದಲು ಪೆಟ್ಟಿಗೆಯ ದೀಪ ನೋಡಿ. ಎಲ್‌ಒಎಸ್ ಅಂತ ಬರೆದ ಕಡೆ ಕೆಂಪು ದೀಪ ಹತ್ತಿದ್ದರೆ ಹೊರಗೆ ಎಲ್ಲೋ ಕೇಬಲ್ ತುಂಡಾಗಿದೆ. ನೀವು ಹತ್ತು ಸಲ ಆಫ್ ಆನ್ ಮಾಡಿದರೂ ಬರುವುದಿಲ್ಲ, ದೂರು ಕೊಟ್ಟು ಬೇರೆ ದಾರಿ ಹಿಡಿಯಿರಿ. ನಮ್ಮ ಊರಿನಲ್ಲಿ ಸಾಮಾನ್ಯವಾಗಿ ಕಾರಣ ಎರಡೇ. ಒಂದು ಪೈಪ್‌ಲೈನಿಗೆ ಅಗೆಯುವ ಜೆಸಿಬಿ, ಇನ್ನೊಂದು ಹುಲ್ಲು ಎತ್ತರಕ್ಕೆ ತುಂಬಿಕೊಂಡು ಬರುವ ಟ್ರ್ಯಾಕ್ಟರ್.

ಬೇರೆ ದಾರಿ ಅಂದರೆ ಫೋನ್. ಅದರಲ್ಲಿ ಎರಡು ಬೇರೆ ಬೇರೆ ಕಂಪನಿಯ ಸಿಮ್ ಇರಲಿ, ಒಂದರ ಟವರ್ ಮಲಗಿದರೆ ಇನ್ನೊಂದು ಎದ್ದಿರುತ್ತದೆ. ಹಾಟ್‌ಸ್ಪಾಟ್‌ಗಿಂತ ಯುಎಸ್‌ಬಿ ಕೇಬಲ್ ಹಾಕಿ ಟೆದರಿಂಗ್ ಮಾಡಿ (ಅಂದರೆ ಫೋನಿನ ನೆಟ್ ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ಕೊಡುವುದು), ಗಟ್ಟಿಯಾಗಿ ನಿಲ್ಲುತ್ತದೆ, ಫೋನೂ ಚಾರ್ಜ್ ಆಗುತ್ತದೆ. ವಿಡಿಯೊ ಕಾಲ್ ಗಂಟೆಗೆ ಸುಮಾರು 1 ಜಿಬಿ ತಿನ್ನುತ್ತದೆ. ದಿನಕ್ಕೆ 1.5 ಜಿಬಿ ಪ್ಯಾಕ್ ಇದ್ದರೆ ಒಂದು ಮೀಟಿಂಗಿಗೇ ಮುಗಿಯಿತು, ಹಾಗಾಗಿ ಕ್ಯಾಮೆರಾ ಆಫ್ ಮಾಡಿ. ವಿಂಡೋಸ್‌ನಲ್ಲಿ ಆ ಕನೆಕ್ಷನ್ನನ್ನು ಮೀಟರ್ಡ್ (ಡೇಟಾಗೆ ಮಿತಿ ಇರುವುದು) ಅಂತ ಗುರುತು ಮಾಡಿ, ಇಲ್ಲದಿದ್ದರೆ ಅದೇ ಹೊತ್ತಿಗೆ ಅಪ್‌ಡೇಟ್ ಇಳಿಸಿಕೊಳ್ಳಲು ಕೂರುತ್ತದೆ. ಇದನ್ನೆಲ್ಲ ಒಂದು ರಜಾ ದಿನ ಮಾಡಿ ನೋಡಿಟ್ಟುಕೊಳ್ಳಿ. ಕ್ಲೈಂಟ್ ಕಾಲ್ ನಡುವೆ ಸೆಟ್ಟಿಂಗ್ಸ್ ಹುಡುಕುವುದು ಬೇಡ.

ಹೆಜ್ಜೆ 5: ದಿನವನ್ನು ತುಂಡು ಮಾಡಿ

ಹಿಂದಿನ ರಾತ್ರಿಯೇ ಒಂದು ಚೀಟಿಯಲ್ಲಿ ಮೂರು ಕೆಲಸ ಬರೆಯಿರಿ. ಮೂರೇ. ಹತ್ತು ಬರೆದರೆ ಸುಲಭದ ಏಳು ಮುಗಿಸಿ ಕಷ್ಟದ ಮೂರು ಬಿಡುತ್ತೇವೆ, ಮನುಷ್ಯನ ಬುದ್ಧಿ ಅದು. ಎಲ್ಲಕ್ಕಿಂತ ಕಷ್ಟದ್ದನ್ನು ಬೆಳಿಗ್ಗೆ ಮೊದಲ ಎರಡು ಗಂಟೆಯಲ್ಲಿ ಇಟ್ಟುಕೊಳ್ಳಿ. ನನಗೆ ಆ ಹೊತ್ತು ಒಳ್ಳೆಯದು ಯಾಕೆಂದರೆ ಡೇರಿಗೆ ಹಾಲು ಹಾಕಿ ಆಗಿರುತ್ತದೆ, ಬೆಳಗಿನ ಮೇವೂ ಆಗಿರುತ್ತದೆ, ಎಲ್ಲರೂ ತೋಟದ ಕಡೆ ಹೋಗಿರುತ್ತಾರೆ. ನಿಮ್ಮ ಮನೆ ಯಾವಾಗ ಖಾಲಿಯಾಗುತ್ತದೆ ಅಂತ ಒಂದು ವಾರ ಗಮನಿಸಿ, ಆ ಹೊತ್ತನ್ನು ಹಿಡಿದುಕೊಳ್ಳಿ.

ಪೊಮೊಡೊರೊ ಅನ್ನುವ ಪದ್ಧತಿಯ ಹೆಸರು ಕೇಳಿರುತ್ತೀರಿ. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಚಿರಿಲ್ಲೊ ಅನ್ನುವ ಇಟಲಿಯ ವಿದ್ಯಾರ್ಥಿ ಓದಲು ಮನಸ್ಸು ನಿಲ್ಲದೆ, ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ತಿರುಗಿಸಿಟ್ಟು ಅದು ಟಿಂಗ್ ಅನ್ನುವವರೆಗೆ ಏಳುವುದಿಲ್ಲ ಅಂತ ಕೂತನಂತೆ. 25 ನಿಮಿಷ ಕೆಲಸ, 5 ನಿಮಿಷ ಬಿಡುವು, ನಾಲ್ಕು ಸುತ್ತಿಗೊಮ್ಮೆ ಸ್ವಲ್ಪ ದೊಡ್ಡ ಬಿಡುವು. ಪೊಮೊಡೊರೊ ಅಂದರೆ ಇಟಾಲಿಯನ್‌ನಲ್ಲಿ ಟೊಮೆಟೊ. ಚಿಂತಾಮಣಿ, ಕೋಲಾರದ ಕಡೆಯವರ ಮುಂದೆ ಟೊಮೆಟೊ ಅಂದರೆ 15 ಕೆಜಿ ಬಾಕ್ಸ್ ಇವತ್ತು ಎಷ್ಟಕ್ಕೆ ಹೋಯಿತು ಅನ್ನುವುದು ಬಿಟ್ಟು ಬೇರೇನೂ ನೆನಪಾಗುವುದಿಲ್ಲ, ಆ ಮಾತು ಬೇರೆ.

ನನಗೆ 25 ನಿಮಿಷ ಸಾಲದು. ಟೆಸ್ಟಿಂಗ್‌ನಲ್ಲಿ ಎಲ್ಲ ತೆರೆದು, ನಿನ್ನೆ ಎಲ್ಲಿ ಬಿಟ್ಟಿದ್ದೆ ಅಂತ ನೋಡಿ ಶುರು ಮಾಡಲಿಕ್ಕೇ ಹತ್ತು ನಿಮಿಷ ಬೇಕು. 50 ನಿಮಿಷ ಕೆಲಸ, 10 ನಿಮಿಷ ಬಿಡುವು ಇಟ್ಟುಕೊಂಡಿದ್ದೇನೆ. ಈಮೇಲ್ ಉತ್ತರ, ಫಾರಂ ತುಂಬುವಂಥ ಚಿಲ್ಲರೆ ಕೆಲಸಕ್ಕೆ 25 ಸರಿ. ಬಿಡುವು ಅಂದರೆ ಎದ್ದು ನಿಲ್ಲುವುದು, ಫೋನ್ ತೆಗೆಯುವುದಲ್ಲ. ನಾನು ಹಿತ್ತಲಿಗೆ ಹೋಗಿ ಬರುತ್ತೇನೆ. ಸೊಪ್ಪಿನ ಕಂತೆ ಒಳಗಿಡಬೇಕಿದ್ದರೆ ಎರಡು ಇಡುತ್ತೇನೆ. ಆಮೇಲೆ ಕೈಕಾಲು ತೊಳೆದು ವಾಪಸ್.

ಫೋನ್ ಬೇರೆ ಕೋಣೆಯಲ್ಲಿರಲಿ. ಟೇಬಲ್ ಮೇಲೆ ಬೋರಲು ಹಾಕಿದ್ದೇನೆ ಅನ್ನುವುದು ನಡೆಯುವುದಿಲ್ಲ, ನಾನು ಮಾಡಿ ನೋಡಿದ್ದೇನೆ. ಮನೆಯವರಿಗೆ ತುರ್ತು ಇದ್ದರೆ ಬಾಗಿಲು ತಟ್ಟುತ್ತಾರೆ. ಆಫೀಸಿನ ಚಾಟ್ ಕೂಡ ಸದಾ ತೆರೆದಿಡಬೇಡಿ. ಗಂಟೆಗೊಮ್ಮೆ ನೋಡಿದರೆ ಯಾವ ಕಂಪನಿಯೂ ಮುಳುಗುವುದಿಲ್ಲ. ಹಸಿರು ಚುಕ್ಕೆ ಆರಬಾರದು ಅಂತ ಮೌಸ್ ಅಲ್ಲಾಡಿಸುತ್ತಾ ಕೂರುವವರನ್ನು ನೋಡಿದ್ದೇನೆ, ಅದು ಕೆಲಸಕ್ಕಿಂತ ಜಾಸ್ತಿ ಸುಸ್ತು.

ಹೆಜ್ಜೆ 6: ಮೀಟಿಂಗ್

ಮಾತಾಡದ ಹೊತ್ತಿನಲ್ಲಿ ಮ್ಯೂಟ್. ಇದು ಎಲ್ಲರಿಗೂ ಗೊತ್ತು, ಆದರೂ ನಮ್ಮ ಕೋಳಿ ಒಂದು ಸಲ ಅಮೆರಿಕದ ಕ್ಲೈಂಟ್‌ಗೆ ಗುಡ್ ಮಾರ್ನಿಂಗ್ ಹೇಳಿದೆ. ದೇವಸ್ಥಾನದ ಮೈಕು, ಸೊಪ್ಪಿನವರ ಕೂಗು, ಟಿಲ್ಲರ್ ಸದ್ದು ನಮ್ಮ ಕೈಲಿಲ್ಲ. ಬಾಯಿ ಹತ್ತಿರ ಮೈಕ್ ಬರುವ ಹೆಡ್‌ಸೆಟ್ ತಗೊಂಡರೆ ಅರ್ಧ ಸದ್ದು ಕಡಿಮೆಯಾಗುತ್ತದೆ. ಉಳಿದರ್ಧಕ್ಕೆ "ಜಾತ್ರೆ ಇದೆ, ಕ್ಷಮಿಸಿ" ಅಂತ ಮೊದಲೇ ಹೇಳಿಬಿಡಿ.

ಅಮೆರಿಕದವರ ಜೊತೆ ಕೆಲಸ ಮಾಡುವವರು ಒಂದು ವಿಷಯ ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ಅವರು ಮಾರ್ಚ್ ಎರಡನೇ ಭಾನುವಾರ ಗಡಿಯಾರ ಮುಂದಿಡುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಿಡುತ್ತಾರೆ. ನ್ಯೂಯಾರ್ಕಿನ ಬೆಳಿಗ್ಗೆ 9 ಅಂದರೆ ನಮಗೆ ಬೇಸಿಗೆಯಲ್ಲಿ ಸಂಜೆ 6:30, ಚಳಿಗಾಲದಲ್ಲಿ 7:30. ಅಡುಗೆಮನೆಯ ಹಾಳೆಯಲ್ಲೂ ಅವತ್ತೇ ತಿದ್ದಿ. ನಾನು ಒಂದು ವರ್ಷ ಮರೆತು, ಸಂಜೆಯ ಮೇವಿಗೆ ಕೈ ಜೋಡಿಸುತ್ತೇನೆ ಅಂದಿದ್ದ ಹೊತ್ತಿಗೆ ಮೀಟಿಂಗ್ ಬಂದು ಕೂತಿತು. ಮಾವ ಒಬ್ಬರೇ ಹಾಕಿ ಮುಗಿಸಿದರು. ಏನೂ ಅನ್ನಲಿಲ್ಲ, ಅದೇ ಜಾಸ್ತಿ ಬೇಜಾರಾಗಿದ್ದು.

ಎದ್ದು ಹೋಗುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತಿ ಪರದೆಗೆ ಬೀಗ ಹಾಕಿ. ನನ್ನ ಮಗಳು ಟೀಮ್ ಚಾಟ್‌ನಲ್ಲಿ ಎರಡು ಸಾಲು ತುಂಬ ಎಂ ಅಕ್ಷರ ಕಳಿಸಿದ್ದಳು. ಒಬ್ಬರು ಅದಕ್ಕೆ ಥಂಬ್ಸ್ ಅಪ್ ಬೇರೆ ಒತ್ತಿದ್ದರು.

ಹೆಜ್ಜೆ 7: ಊಟ, ಕಣ್ಣು, ನಿದ್ದೆ

ಮಧ್ಯಾಹ್ನ ಎರಡು ಮುದ್ದೆ ಬಸ್ಸಾರು ಹೊಡೆದು ಬಂದು ಕೂತರೆ ಮೂರರವರೆಗೆ ಪರದೆ ಮೇಲೆ ಅಕ್ಷರ ಓಡಾಡುತ್ತಿರುತ್ತವೆ. ಮುದ್ದೆ ತಪ್ಪಲ್ಲ. ತೋಟದಲ್ಲಿ ಗುದ್ದಲಿ ಹಿಡಿಯುವವರ ಅಳತೆಯಲ್ಲಿ ಕುರ್ಚಿ ಮೇಲೆ ಕೂರುವವರು ಉಂಡರೆ ತಪ್ಪು. ಒಂದು ಮುದ್ದೆ, ಸೊಪ್ಪು ಜಾಸ್ತಿ, ಆಮೇಲೆ ಬೀದಿ ತುದಿವರೆಗೆ ನಡೆದು ಬನ್ನಿ. ತಡೆಯಲಾಗದಿದ್ದರೆ 20 ನಿಮಿಷ ಅಲಾರಂ ಇಟ್ಟು ಮಲಗಿ, ಕೂತು ತೂಕಡಿಸುವುದಕ್ಕಿಂತ ಅದು ವಾಸಿ. ಕಣ್ಣಿಗೆ ಒಂದು ಸುಲಭದ ಅಭ್ಯಾಸ: 20 ನಿಮಿಷಕ್ಕೊಮ್ಮೆ, 20 ಅಡಿ ದೂರ ಇರುವುದನ್ನು, 20 ಸೆಕೆಂಡ್ ನೋಡುವುದು. ನನ್ನ ಕಿಟಕಿಯಿಂದ ಅಷ್ಟು ದೂರದಲ್ಲಿ ಒಂದು ಸೀಬೆ ಗಿಡ ಇದೆ.

ಹೆಜ್ಜೆ 8: ಆಫೀಸಿಗೂ ಕಾಣಬೇಕು

ಅತ್ತೆ ಹೇಳಿದ ಮಾತು ಆಫೀಸಿಗೂ ಅನ್ವಯಿಸುತ್ತದೆ ಅಂತ ನನಗೆ ಹೊಳೆದದ್ದು ತಡವಾಗಿ. ಮನೆಯಲ್ಲಿ ಕೂತ ನೀವು ಏನು ಮಾಡುತ್ತಿದ್ದೀರಿ ಅಂತ ಅಲ್ಲಿಯವರಿಗೂ ಗೊತ್ತಿಲ್ಲ. ಗೊತ್ತಿಲ್ಲದಿದ್ದಾಗ ಅವರೂ ಬಾಗಿಲು ತೆಗೆದು ನೋಡುತ್ತಾರೆ. ಅಂದರೆ "ಆಯ್ತಾ?" ಅಂತ ಮೆಸೇಜ್ ಮಾಡುತ್ತಾರೆ, ಒಂದು ಮೀಟಿಂಗ್ ಹಾಕುತ್ತಾರೆ. ಕೆಲಸ ಮುಗಿಸುವ ಮುಂಚೆ ಮೂರು ಸಾಲು ಬರೆದು ಕಳಿಸಿ: ಇವತ್ತು ಇದು ಮುಗಿಯಿತು, ಇದು ಇಲ್ಲಿ ನಿಂತಿದೆ, ಇದಕ್ಕೆ ನಿಮ್ಮಿಂದ ಇಷ್ಟು ಬೇಕು. ನಾನು ಇದನ್ನು ಶುರು ಮಾಡಿದ ಎರಡನೇ ತಿಂಗಳಿಗೆ ವಾರದ ಎರಡು ಮೀಟಿಂಗ್ ತಾವಾಗೇ ಕಡಿಮೆಯಾದವು. ಕರೆಂಟು, ನೆಟ್ ಹೋದರೆ ಐದು ನಿಮಿಷದೊಳಗೆ ಫೋನಿನಿಂದ ತಿಳಿಸಿ. ಸಂಜೆ ಹೇಳಿದರೆ ನೆಪದ ಹಾಗೆ ಕೇಳುತ್ತದೆ.

ಹೆಜ್ಜೆ 9: ಬಾಗಿಲು ಹಾಕುವುದು, ರಜೆ ಹಾಕುವುದು

ಆಫೀಸಿನಲ್ಲಾದರೆ ಬಸ್ಸು ಎಬ್ಬಿಸುತ್ತದೆ. ಮನೆಯಲ್ಲಿ ಯಾರೂ ಎಬ್ಬಿಸುವುದಿಲ್ಲ. ನಾಳೆಯ ಚೀಟಿ ಬರೆದು, ಲ್ಯಾಪ್‌ಟಾಪ್ ಪೂರ್ತಿ ಆರಿಸಿ, ಕೋಣೆಯ ಚಿಲಕ ಹಾಕಿ. ಬೇರೆ ಕೋಣೆ ಇಲ್ಲದವರು ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿ ಬೀರುವಿನಲ್ಲಿಡಿ. ಕಣ್ಣೆದುರು ಇದ್ದರೆ ಕೈ ಹೋಗುತ್ತದೆ.

ಕೆಲವು ದಿನ ಮಾತ್ರ ಮನೆಯಿಂದ ಕೆಲಸ ಆಗುವುದೇ ಇಲ್ಲ, ಅದನ್ನು ಮೊದಲೇ ಒಪ್ಪಿಕೊಳ್ಳಿ. ಹಬ್ಬದ ಹಿಂದಿನ ದಿನ, ಊರ ಜಾತ್ರೆ, ಪಿತೃಪಕ್ಷದಲ್ಲಿ ಎಡೆ ಇಡುವ ದಿನ. ನಮ್ಮ ಮನೆಯಲ್ಲಿ ಹುಳ ಹಣ್ಣಾಗುವ ದಿನ. ನಾಲ್ಕನೇ ಜ್ವರ ಎದ್ದು ಒಂದು ವಾರ ತಿಂದ ಹುಳ ಮೇವು ಬಿಟ್ಟು, ಮೈ ಹೊಳೆಯುತ್ತಾ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಆರಿಸಿ ಗೂಡು ಕಟ್ಟಿಸುವ ತಟ್ಟೆಗೆ, ಅಂದರೆ ಚಂದ್ರಿಕೆಗೆ ಬಿಡಬೇಕು, ನಾಳೆಗೆ ಅನ್ನುವ ಹಾಗಿಲ್ಲ. ಮೊದಮೊದಲು ನಾನು ಎರಡನ್ನೂ ಮಾಡಲು ಹೋಗಿ ಒಂದು ಕಿವಿಯಲ್ಲಿ ಮೀಟಿಂಗ್, ಕೈಯಲ್ಲಿ ಹುಳ ಹಿಡಿದುಕೊಂಡು ಒದ್ದಾಡಿದೆ. ಎರಡು ಕಡೆಯೂ ಬೈಸಿಕೊಂಡೆ.

ಈಗ ಹಾಗಲ್ಲ. ಚಾಕಿ ಹುಳ (ಮರಿ ಹುಳ) ಮನೆಗೆ ಬಂದ ದಿನವೇ ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿ ಹಣ್ಣಾಗುವ ದಿನ ಹೇಳುತ್ತಾರೆ, ಹೆಚ್ಚೆಂದರೆ ಒಂದು ದಿನ ಆಚೀಚೆ. ನಾನು ಅವತ್ತೇ ಆಫೀಸ್ ಕ್ಯಾಲೆಂಡರ್‌ನಲ್ಲಿ ಎರಡು ದಿನ ರಜೆ ಗುರುತು ಮಾಡುತ್ತೇನೆ. ಕಾರಣದ ಜಾಗದಲ್ಲಿ "ಹುಳ ಹಣ್ಣು" ಅಂತಲೇ ಬರೆಯುತ್ತೇನೆ. ಮೊದಲ ಸಲ ಮ್ಯಾನೇಜರ್ ಫೋನ್ ಮಾಡಿ ಏನಿದು ಅಂತ ಕೇಳಿದರು. ವಿವರಿಸಿದೆ. ಈಗ ಅವರೇ ಕೇಳುತ್ತಾರೆ, "ಮುಂದಿನ ರಿಲೀಸ್ ಹದಿನೆಂಟಕ್ಕೆ ಇಡೋಣ ಅಂತಿದ್ದೀವಿ, ನಿಮ್ಮ ಹುಳ ಯಾವಾಗ?"